ಮರಳಿನಡಿಯ ಊರನ್ನು ಗೂಢಚಾರಿಣಿ ಹುಡುಕುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನವಳು. 2085ರಲ್ಲಿ ನಡೆಯುವ ಗೂಢಚಾರ ಕಾದಂಬರಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಗುಪ್ತಚರ ಅಧಿಕಾರಿಯೊಬ್ಬಳು ಜೈಸಲ್ಮೇರ್ ಆಚೆಯ ಥಾರ್ ಮರುಭೂಮಿಗೆ ಹೋಗಿ, ಮರಳಿನಡಿ ಹೂತುಹೋದ ಪ್ರಾಚೀನ ಊರನ್ನು ಪತ್ತೆಹಚ್ಚಿ, ಅಲ್ಲಿನ ರಹಸ್ಯವನ್ನು ಎದುರಾಳಿಗಳಿಗಿಂತ ಮೊದಲು ತರಬೇಕು. ಊರು ಸಿಗುವುದು ಹೇಗೆ? ರಹಸ್ಯ ಯಾವ ರೂಪದಲ್ಲಿರಬಹುದು? ಉಪಗ್ರಹಗಳ ಕಣ್ಣು ತಪ್ಪಿಸಿ ಅವಳು ಓಡಾಡುವುದು ಹೇಗೆ? ವಿಷಯ ಬಲ್ಲವರು ಓದಿದರೆ ನಗಬಾರದು.

ಉತ್ತರ: ಮೊದಲು ರಹಸ್ಯ ಏನೆಂದು ತೀರ್ಮಾನಿಸಿ, ಊರನ್ನು ಆಮೇಲೆ ಹುಡುಕಿದರಾಯಿತು. ನಿಧಿ, ಶಾಪ, ಕಳೆದುಹೋದ ಅಸ್ತ್ರ ಇವುಗಳಿಗಾಗಿ ಯಾವ ಸರ್ಕಾರವೂ ತನ್ನ ಒಳ್ಳೆಯ ಅಧಿಕಾರಿಯನ್ನು ಪಣಕ್ಕಿಡುವುದಿಲ್ಲ. ಥಾರ್‌ನಲ್ಲಿ ಸರ್ಕಾರವೊಂದು ನಿಜವಾಗಿ ಬೆಲೆ ಕೊಡುವ ಗುಟ್ಟು ಒಂದೇ, ಸಿಹಿನೀರು ಎಲ್ಲಿದೆ ಎಂಬುದು.

ಇದಕ್ಕೆ ಆ ನೆಲದಲ್ಲೇ ಆಧಾರವಿದೆ. ಪಶ್ಚಿಮ ರಾಜಸ್ಥಾನದ ಬಹಳಷ್ಟು ಕಡೆ ಆಳದ ಅಂತರ್ಜಲ ಉಪ್ಪು. ಆದರೆ ಕೆಲವು ಪಟ್ಟಿಗಳಲ್ಲಿ ಮರಳಿಗೂ ಉಪ್ಪುನೀರಿಗೂ ನಡುವೆ ಜಿಪ್ಸಮ್ಮಿನ ಪದರ ಹಾಸಿಕೊಂಡಿದೆ. ಬಿದ್ದ ಮಳೆನೀರು ಆ ಪದರವನ್ನು ದಾಟಿ ಕೆಳಗಿಳಿಯಲಾರದು. ಮೇಲಿನ ಮರಳಿನಲ್ಲೇ ತೇವವಾಗಿ ಉಳಿಯುತ್ತದೆ. ಅಲ್ಲಿ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಅಗೆಯುವಷ್ಟು ಮಾತ್ರ ಅಗಲದ ಬಾವಿ ತೋಡಿದರೆ, ಸುತ್ತಲಿನ ತೇವ ಹನಿಹನಿಯಾಗಿ ಅದರೊಳಕ್ಕೆ ಒಸರುತ್ತದೆ. ಜೈಸಲ್ಮೇರ್ ಕಡೆ ಇದನ್ನು ಬೇರಿ ಎನ್ನುತ್ತಾರೆ, ಬೇರೆ ಕಡೆ ಕುಂಯಿ. ಬಾಯಿ ಕಿರಿದಾದಷ್ಟೂ ನೀರು ಆವಿಯಾಗುವುದು ಕಡಿಮೆ, ಮೇಲೆ ಮರದ ಮುಚ್ಚಳ ಬೇರೆ. ಅಗೆಯುವಾಗ ಸಡಿಲ ಮರಳು ಕುಸಿದು ಬೀಳದಂತೆ ಹುಲ್ಲಿನ ದಪ್ಪ ಹಗ್ಗವನ್ನು ಸುರುಳಿ ಸುರುಳಿಯಾಗಿ ಗೋಡೆಗೆ ಒತ್ತಿ ಕಟ್ಟುತ್ತಾ ಇಳಿಯುತ್ತಾರೆ. ಉದ್ದ ಹಿಡಿಕೆಯ ಸಲಿಕೆ ಆಡಿಸಲು ಜಾಗವಿರದ ಕಾರಣ ಬಸೌಲಿ ಎಂಬ ಗಿಡ್ಡ ಹಿಡಿಕೆಯ ಸಣ್ಣ ಹತಾರ ಬಳಸುತ್ತಾರೆ.

ಒಂದು ಬೇರಿ ದಿನಕ್ಕೆ ಕೊಡುವುದು ಕೆಲವೇ ಕೊಡ. ಸೈನ್ಯಕ್ಕೆ ಇದು ಏನೂ ಸಾಲದು. ಆದರೆ ಇಪ್ಪತ್ತು ಜನರ ಗುಪ್ತ ತಂಡವೊಂದು ಗಡಿಯ ಹತ್ತಿರ ತಿಂಗಳುಗಟ್ಟಲೆ ನೆಲೆಸಬೇಕಾದರೆ ಬೇರಿಗಳ ಒಂದು ಸಾಲು ಸಾಕು. ಮರುಭೂಮಿಯಲ್ಲಿ ಬಿಡಾರವನ್ನು ಬಯಲು ಮಾಡುವುದು ನೀರಿನ ಟ್ಯಾಂಕರ್. ಟ್ಯಾಂಕರ್ ಬೇಡದ ತಂಡ ಆಕಾಶದಿಂದ ಕಾಣದು. ನಿಮ್ಮ ರಹಸ್ಯದ ಬೆಲೆ ಇಲ್ಲಿದೆ. ‘2085ರಲ್ಲಿ ಉಪಗ್ರಹಕ್ಕೆ ಜಿಪ್ಸಮ್ ಪಟ್ಟಿ ಕಾಣಿಸುವುದಿಲ್ಲವೇ’ ಎಂದು ಚುರುಕಾದ ಓದುಗರು ಕೇಳಿಯೇ ಕೇಳುತ್ತಾರೆ. ಹತ್ತಾರು ಅಡಿ ಮರಳಿನ ಕೆಳಗಿದ್ದರೆ ಕಾಣುವುದಿಲ್ಲ. ಕೊಳವೆ ಕೊರೆದು ನೋಡಬಹುದು, ಆದರೆ ಗಡಿಯಲ್ಲಿ ಕೊರೆಯುವ ಯಂತ್ರ ನಿಂತರೆ ಎರಡೂ ದೇಶಕ್ಕೆ ಸುದ್ದಿ ಮುಟ್ಟುತ್ತದೆ. ಹಾಗಾಗಿ ಹಳೆಯ ದಾಖಲೆಯೊಂದಕ್ಕೆ ಬೆಲೆ ಬರುತ್ತದೆ.

ಆ ದಾಖಲೆ ತಾಮ್ರಶಾಸನವಾಗಿರಲಿ. ಭೂದಾನದ ತಾಮ್ರಪಟಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಬಾವಿ, ಕೆರೆ, ಮರ, ಬಂಡೆ, ದಾರಿ ಎಂದು ಹೆಸರಿಸಿ ಬರೆಯುವುದು ವಾಡಿಕೆ. ಬಾವಿಗಳ ಸಾಲನ್ನು ಹೇಳುವ ಎಲ್ಲೆಯ ವಿವರಣೆ ಅಂದರೆ ಜಿಪ್ಸಮ್ ಪಟ್ಟಿಯ ನಕ್ಷೆಯೇ. ರೂಪಕ್ಕೆ ಮಾದರಿ ಬೇಕಿದ್ದರೆ ಗುಜರಾತಿನ ವಲಭಿಯನ್ನು ಆಳಿದ ಮೈತ್ರಕ ಅರಸರ ಶಾಸನಗಳನ್ನು ನೋಡಿ: ಎರಡು ತಾಮ್ರದ ಹಲಗೆ, ಬರಹ ಒಳಮುಖಗಳಲ್ಲಿ ಮಾತ್ರ, ಉಂಗುರದಿಂದ ಜೋಡಣೆ, ಮುದ್ರೆಯಲ್ಲಿ ನಂದಿ. ಉಂಗುರ ಕತ್ತರಿಸದೆ ಪೂರ್ತಿ ಓದುವುದು ಕಷ್ಟ, ಕತ್ತರಿಸಿದರೆ ಗುರುತು ಉಳಿಯುತ್ತದೆ. ಗೂಢಚಾರ ಕಥೆಗೆ ಇದಕ್ಕಿಂತ ಒಳ್ಳೆಯ ಬೀಗ ಸಿಗದು.

ಮರದ ಓಲೆ ಇಡಬೇಕೆನ್ನುವ ಆಸೆಯಿದ್ದರೆ ಕಥೆಯನ್ನು ಚೀನಾದ ಪಶ್ಚಿಮದ ತಕ್ಲಮಕಾನ್ ಮರುಭೂಮಿಗೆ ಒಯ್ಯಬೇಕಾಗುತ್ತದೆ. ಅಲ್ಲಿನ ನೀಯಾ ಎಂಬಲ್ಲಿ ಪುರಾತತ್ತ್ವಜ್ಞ ಆರೆಲ್ ಸ್ಟೀನ್ 1901ರಲ್ಲಿ ಖರೋಷ್ಠಿ ಎಂಬ ಪ್ರಾಚೀನ ಲಿಪಿಯ ಮರದ ಪತ್ರಗಳನ್ನು ಕಂಡ. ರಾಜಾಜ್ಞೆಗಳನ್ನು ಬೆಣೆಯಾಕಾರದ ಎರಡು ಹಲಗೆಗಳ ಒಳಮುಖದಲ್ಲಿ ಬರೆದು, ಒಂದರ ಮೇಲೊಂದಿಟ್ಟು, ದಾರ ಸುತ್ತಿ, ಮೇಲಿನ ಹಲಗೆಯ ಕುಳಿಯಲ್ಲಿ ಜೇಡಿಮಣ್ಣು ತುಂಬಿ ಮುದ್ರೆ ಒತ್ತುತ್ತಿದ್ದರು. ಸುಮಾರು 1,700 ವರ್ಷ ಅವು ಉಳಿದದ್ದು ಅಲ್ಲಿನ ಕಡು ಒಣಹವೆಯಿಂದ. ಥಾರ್‌ಗೆ ಮುಂಗಾರು ಬರುತ್ತದೆ, ಗೆದ್ದಲೂ ಇದೆ. ಮರ ಅಷ್ಟು ಕಾಲ ಬಾಳುವುದಿಲ್ಲ. ಸಿಂಧೂ ಲಿಪಿಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಲಿಪಿತಜ್ಞ ಐರಾವತಂ ಮಹಾದೇವನ್ 1977ರಲ್ಲಿ ಪಟ್ಟಿ ಮಾಡಿದ ಚಿಹ್ನೆಗಳೇ 417. ಒಂದು ಬರಹದ ಸರಾಸರಿ ಉದ್ದ ಐದು ಚಿಹ್ನೆ. ಅಷ್ಟು ಚಿಕ್ಕ ಬರಹಗಳಿಂದ, ಎರಡು ಭಾಷೆಯ ಶಾಸನವೂ ಇಲ್ಲದೆ, ನಾಯಕಿ ಒಂದೇ ರಾತ್ರಿಯಲ್ಲಿ ಅದನ್ನು ಓದಿಬಿಟ್ಟರೆ ಪುಸ್ತಕ ಅಲ್ಲೇ ಮುಚ್ಚಿಹೋಗುತ್ತದೆ.

ಈಗ ಊರು. 1981ರ ನವೆಂಬರಿನಲ್ಲಿ ಕೊಲಂಬಿಯಾ ಗಗನನೌಕೆಯಿಂದ ಸುಮಾರು 23 ಸೆಂ.ಮೀ. ತರಂಗಾಂತರದ ರೇಡಾರ್, ಈಜಿಪ್ಟಿನ ದಕ್ಷಿಣಕ್ಕೂ ಸುಡಾನಿನ ಉತ್ತರಕ್ಕೂ ಹರಡಿರುವ ಸೆಲೀಮಾ ಮರಳಹಾಸಿನ ಅಡಿಯಲ್ಲಿ ಹೂತುಹೋಗಿದ್ದ ನದಿಪಾತ್ರಗಳನ್ನು ತೋರಿಸಿತು. ಉದ್ದ ಅಲೆ ಒಣ ಮರಳನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ತಾಗಿ ಮರಳುತ್ತದೆ. ನಾಸಾ ಮತ್ತು ಇಸ್ರೋದ ನಿಸಾರ್ ಉಪಗ್ರಹ ಅದೇ ಜಾತಿಯದು: 24 ಸೆಂ.ಮೀ. ಅಲೆಯ ಎಲ್ ಬ್ಯಾಂಡ್, ಜೊತೆಗೆ ಎಸ್ ಬ್ಯಾಂಡ್, 12 ಮೀಟರ್ ಅಗಲದ ಬಿಚ್ಚಿಕೊಳ್ಳುವ ಆಂಟೆನಾ, 12 ದಿನಕ್ಕೊಮ್ಮೆ ಅದೇ ದಾರಿ. ಅದನ್ನು ಜೋಡಿಸಿ ಪರೀಕ್ಷಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಶ್ರೀಹರಿಕೋಟಾದಿಂದ ಹಾರಿದ್ದು 2025ರ ಜುಲೈ 30ರಂದು. ಅದರ ದತ್ತಾಂಶ ಎಲ್ಲರಿಗೂ ಮುಕ್ತ. ಹಾಗಾಗಿ ನಿಮ್ಮ ನಾಯಕಿ ಪೀಣ್ಯದ ಒಂದು ಕೋಣೆಯಲ್ಲಿ ಕೂತು ಅರವತ್ತು ವರ್ಷದ ಹಳೆಯ ಚಿತ್ರಗಳನ್ನು ಕೆದಕುವುದರಿಂದ ಕಥೆ ಶುರುವಾದರೆ ಅದು ನಂಬುವಂಥದ್ದು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಈ ರೇಡಾರ್ ಒಣ ಮರಳಿನಲ್ಲಿ ಒಂದೆರಡು ಮೀಟರ್ ಇಳಿದರೆ ಹೆಚ್ಚು. ಮರಳಿಗೆ ಸ್ವಲ್ಪ ತೇವ, ಜೇಡಿ ಅಥವಾ ಉಪ್ಪು ಸೇರಿದರೂ ಅಲೆ ಅಲ್ಲೇ ಸಾಯುತ್ತದೆ. ಆದ್ದರಿಂದ ಅವಳು ಆಯ್ದುಕೊಳ್ಳಬೇಕಾದದ್ದು ಮೇ, ಜೂನ್ ಮೊದಲ ವಾರಗಳ ಚಿತ್ರಗಳನ್ನು. ಮುಂಗಾರಿನ ನಂತರದವು ಉಪಯೋಗಕ್ಕಿಲ್ಲ. ಇಂದಿರಾ ಗಾಂಧಿ ಕಾಲುವೆಯ ನೀರು ಜಿನುಗಿ ಜೌಗಾದ ಕಡೆ ಏನೂ ಕಾಣದು. ಕಛ್‌ನ ರಣದ ಉಪ್ಪುಬಯಲಿನಲ್ಲೂ ಅಷ್ಟೇ. ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಹಲವು ಮೀಟರ್ ಎಂಬುದನ್ನೂ ಮರೆಯಬೇಡಿ. ಎರಡು ಅಡಿಯ ಗೋಡೆ ಅದರಲ್ಲಿ ಬರುವುದಿಲ್ಲ. ಬರುವುದು ನದಿಪಾತ್ರ, ಕೋಟೆಯ ಹೊರಗೆರೆ, ಹಳೆಯ ದಾರಿ. ಒಮಾನಿನ ಶಿಸ್ರ್ ಎಂಬಲ್ಲಿ 1990ರ ದಶಕದ ಆರಂಭದಲ್ಲಿ ನಡೆದದ್ದು ಇದೇ: ಮರಳ ದಿಬ್ಬಗಳ ಕೆಳಗೂ ಮುಂದುವರಿದ ಒಂಟೆ ದಾರಿಗಳು ಉಪಗ್ರಹ ಚಿತ್ರಗಳಲ್ಲಿ ಒಂದೆಡೆ ಕೂಡುವುದನ್ನು ನೋಡಿ ಅಗೆದರು, ಸುಣ್ಣಕಲ್ಲಿನ ಗುಹೆ ಕುಸಿದು ಅದರೊಳಕ್ಕೆ ಬಿದ್ದಿದ್ದ ಕೋಟೆ ಸಿಕ್ಕಿತು. ನಿಮ್ಮ ನಾಯಕಿಯೂ ಊರನ್ನು ಹುಡುಕದೆ ದಾರಿಗಳು ಕೂಡುವ ಜಾಗವನ್ನು ಹುಡುಕಲಿ. ಮರುಭೂಮಿಯಲ್ಲಿ ದಾರಿಗಳು ಕೂಡುವುದು ನೀರಿರುವಲ್ಲಿ.

ಹೂತ ಊರಿಗೆ ದಿಬ್ಬದ ಲೆಕ್ಕವನ್ನೂ ಕೊಡಿ. ಅರ್ಧಚಂದ್ರಾಕಾರದ ಬರ್ಖಾನ್ ದಿಬ್ಬಗಳು ಗಾಳಿಯ ಜೊತೆ ವರ್ಷಕ್ಕೆ ಹತ್ತರಿಂದ ಮೂವತ್ತು ಮೀಟರ್ ಸರಿಯಬಲ್ಲವು, ಚಿಕ್ಕವು ಬೇಗ, ದೊಡ್ಡವು ನಿಧಾನ. ಬುಡ 200 ಮೀಟರ್ ಇರುವ ದಿಬ್ಬ ವರ್ಷಕ್ಕೆ 15 ಮೀಟರ್ ಸರಿದರೆ ಒಂದು ಜಾಗವನ್ನು ದಾಟಲು 13 ವರ್ಷ ಬೇಕು. ಹಿಂದೊಮ್ಮೆ ಮುಚ್ಚಿದ್ದ ಜಾಗ ಈಗ ತೆರೆದುಕೊಳ್ಳುತ್ತಿದೆ, ಹಿಂದಿನ ದಿಬ್ಬ ಇನ್ನೆರಡು ವರ್ಷದಲ್ಲಿ ಮತ್ತೆ ಮುಚ್ಚುತ್ತದೆ ಎಂದರೆ ಕಥೆಯ ಗಡುವನ್ನು ಗಾಳಿಯೇ ಇಟ್ಟಂತಾಯಿತು. ಥಾರ್‌ನ ಬಹುಪಾಲು ದಿಬ್ಬಗಳಿಗೆ ಗಿಡಗಂಟಿ ಹಿಡಿದು ಅವು ನಿಂತುಬಿಟ್ಟಿವೆ, ಆದ್ದರಿಂದ ಜೈಸಲ್ಮೇರ್‌ನ ಪಶ್ಚಿಮದ ಬೋಳು ಭಾಗವನ್ನೇ ಆರಿಸಿಕೊಳ್ಳಿ.

ನೆಲದ ಮೇಲಿನ ಹುಡುಕಾಟ ರಾತ್ರಿಯ ಕೆಲಸ. ಗಾಲಿಯ ಮೇಲೆ ಎಳೆಯುವ ನೆಲರೇಡಾರ್, 400 ಮೆಗಾಹರ್ಟ್ಸ್ ಆಂಟೆನಾ ಇದ್ದರೆ, ಒಣ ಮರಳಿನಲ್ಲಿ ಎರಡು ಮೂರು ಮೀಟರ್ ಆಳದವರೆಗೆ ಗೋಡೆಗಳನ್ನು ತೋರಿಸುತ್ತದೆ. ಅರ್ಧ ಮೀಟರ್ ಅಂತರದ ಸಾಲುಗಳಲ್ಲಿ ಒಂದು ಹೆಕ್ಟೇರ್ ಮುಗಿಸಲು 20 ಕಿಲೋಮೀಟರ್ ನಡೆಯಬೇಕು. ಸಾಲಿನ ಕೊನೆಯಲ್ಲಿ ತಿರುಗಿಸುವುದು, ಗೂಟ ಸರಿಸುವುದು ಸೇರಿದರೆ ಎರಡು ರಾತ್ರಿ. ಪರದೆಯ ಮೇಲೆ ಗೋಡೆ ಗೋಡೆಯಂತೆ ಕಾಣದು, ಬಾಗಿದ ಬಿಲ್ಲಿನಂತೆ ಕಾಣುತ್ತದೆ. ಸಾಲುಗಳನ್ನೆಲ್ಲ ಜೋಡಿಸಿ ಆಳದ ಪದರಗಳಾಗಿ ಕತ್ತರಿಸಿದ ಮೇಲಷ್ಟೇ ಊರಿನ ನಕ್ಷೆ ಮೂಡುತ್ತದೆ. ಮ್ಯಾಗ್ನೆಟೋಮೀಟರ್ ಸುಟ್ಟ ಇಟ್ಟಿಗೆ, ಒಲೆ, ಆವಿಗೆಗಳನ್ನು ಹಿಡಿಯುತ್ತದೆ. ಭೂಮಿಯ ಕಾಂತಕ್ಷೇತ್ರ 45,000 ನ್ಯಾನೋಟೆಸ್ಲಾ ಆಸುಪಾಸಿನದಾದರೆ ಹೂತ ಗೋಡೆಯ ಗುರುತು ಕೆಲವೇ ನ್ಯಾನೋಟೆಸ್ಲಾ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಈ ಉಪಕರಣ ಹಿಡಿದರೆ ಅಳತೆ ಪೂರ್ತಿ ಹಾಳು. ಬೂಟಿನ ಮೊಳೆ, ಬೆಲ್ಟಿನ ಬಕಲ್, ಫೋನ್ ಎಲ್ಲ ದೂರವಿಡಬೇಕು. ನಾಯಕಿ ನಿರಾಯುಧಳಾಗಿರಲೇಬೇಕಾದ ಗಂಟೆಗಳು ಇವು. ಎದುರಾಳಿಯನ್ನು ಆಗ ಕರೆತನ್ನಿ. ಮುಂದಿನ ಕಾಲದ ಉಪಕರಣ ಬೇಕೆಂದರೆ ಕ್ವಾಂಟಮ್ ಗುರುತ್ವಮಾಪಕ ಇದೆ. ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದಂತೆ, ಅದು ನೆಲದಡಿಯಲ್ಲಿದ್ದ, ಎರಡು ಮೀಟರ್ ಅಗಲ ಎತ್ತರದ ಸುರಂಗವನ್ನು ಅಗೆಯದೆಯೇ ಪತ್ತೆ ಮಾಡಿತು. 2085ಕ್ಕೆ ಅದನ್ನು ಬೆನ್ನಚೀಲಕ್ಕೆ ಇಳಿಸಿದರೆ ಯಾರೂ ತಕರಾರು ತೆಗೆಯರು.

ಕಣ್ಣು ತಪ್ಪಿಸುವ ವಿದ್ಯೆಗೆ ಅದೇ ಜಿಲ್ಲೆಯಲ್ಲಿ ದೊಡ್ಡ ಪಾಠವಿದೆ. 1995ರ ಕೊನೆಯಲ್ಲಿ ಪೋಖರಣ್‌ನ ಅಣುಪರೀಕ್ಷೆಯ ಸಿದ್ಧತೆಗಳನ್ನು ಅಮೆರಿಕದ ಉಪಗ್ರಹಗಳು ಕಂಡುಬಿಟ್ಟವು. 1998ರ ಮೇ 11 ಮತ್ತು 13ರ ಪರೀಕ್ಷೆಗಳಿಗೆ ಮುನ್ನ ಸೇನೆಯ ಎಂಜಿನಿಯರುಗಳು ಉಪಗ್ರಹ ಯಾವಾಗ ತಲೆಯ ಮೇಲೆ ಬರುತ್ತದೆ ಎಂದು ತಿಳಿದು, ರಾತ್ರಿ ಕೆಲಸ ಮಾಡಿ, ಬೆಳಗಾಗುವುದರೊಳಗೆ ಯಂತ್ರಗಳನ್ನು ಮೊದಲಿದ್ದ ಜಾಗದಲ್ಲೇ ನಿಲ್ಲಿಸುತ್ತಿದ್ದರು. ಅಗೆದ ಮರಳನ್ನು ಗಾಳಿ ಮಾಡುವ ದಿಬ್ಬದ ಆಕಾರಕ್ಕೇ ಒಟ್ಟುತ್ತಿದ್ದರು. ವಿಜ್ಞಾನಿಗಳು ಸೇನೆಯ ಸಮವಸ್ತ್ರದಲ್ಲಿ ಓಡಾಡಿದರು.

2085ರಲ್ಲಿ ಉಪಗ್ರಹ ದಿನಕ್ಕೆ ಒಂದೆರಡು ಸಲ ಬಂದುಹೋಗುವುದಲ್ಲ, ಸದಾ ಮೇಲಿರುತ್ತದೆ ಎಂದು ಇಟ್ಟುಕೊಳ್ಳಿ. ಆಗಲೂ ಎರಡು ಸಂದುಗಳು ಉಳಿಯುತ್ತವೆ. ಮೊದಲನೆಯದು ಶಾಖದ್ದು. ಬೇಸಿಗೆಯ ಮಧ್ಯಾಹ್ನ ಮರಳಿನ ಮೈ 60 ಡಿಗ್ರಿ ದಾಟುತ್ತದೆ, ಮನುಷ್ಯನ ಚರ್ಮ 35ರ ಹತ್ತಿರ. ಉಷ್ಣ ಕ್ಯಾಮೆರಾದಲ್ಲಿ ಅವಳು ತಣ್ಣನೆಯ ಕಪ್ಪು ಚುಕ್ಕೆ. ರಾತ್ರಿ ಮರಳು ಬೇಗ ತಣಿಯುವುದರಿಂದ ಬಿಳಿ ಚುಕ್ಕೆ. ಕಪ್ಪು ಬಿಳಿಯಾಗುವ ನಡುವೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ನೆಲದ ಶಾಖವೂ ಅವಳ ಶಾಖವೂ ಸಮವಾಗಿ ಅವಳು ಕಾಣೆಯಾಗುವ ಸ್ವಲ್ಪ ಹೊತ್ತು ಇರುತ್ತದೆ. ಬಯಲು ದಾಟಬೇಕಾದದ್ದು ಆಗ. ಇನ್ನೊಂದು ಚೆಂದದ ಸಂಗತಿ: ಹೂತ ಕಲ್ಲುಗೋಡೆ ಮರಳಿಗಿಂತ ನಿಧಾನವಾಗಿ ತಣಿಯುತ್ತದೆ. ತೆಳುವಾಗಿ ಮರಳು ಮುಚ್ಚಿದ್ದರೆ ಸೂರ್ಯೋದಯಕ್ಕೆ ಮುನ್ನ ಅದೇ ಕ್ಯಾಮೆರಾದಲ್ಲಿ ಗೋಡೆಯ ಗೆರೆಗಳು ಕಾಣುತ್ತವೆ. ಡ್ರೋನ್ ಅವಳನ್ನು ಹುಡುಕಲು ಬಂದು ಊರನ್ನೇ ಕಂಡುಬಿಡಬಹುದು.

ಎರಡನೆಯದು ಹೆಜ್ಜೆಯದ್ದು. ಒಂದೇ ಜಾಗದ ಎರಡು ರೇಡಾರ್ ಚಿತ್ರಗಳನ್ನು ತಾಳೆ ಹಾಕಿದರೆ ನಡುವೆ ನೆಲ ಕದಡಿದ ಕಡೆಗಳೆಲ್ಲ ಬೇರೆಯಾಗಿ ಎದ್ದು ತೋರುತ್ತವೆ. ವಾಹನದ ಗಾಲಿಜಾಡು ಕಣ್ಣಿಗೆ ಕಾಣದಿದ್ದರೂ ಇದರಲ್ಲಿ ಸಿಗುತ್ತದೆ. ಹರಳುಕಲ್ಲಿನ ಗಟ್ಟಿ ಬಯಲಿನಲ್ಲಿ ಈ ಗುರುತು ತಿಂಗಳುಗಟ್ಟಲೆ ಅಳಿಯದು. ಸರಿಯುವ ದಿಬ್ಬಗಳ ಮೇಲಾದರೆ ಗಾಳಿ ಎಲ್ಲವನ್ನೂ ಕದಡಿರುವುದರಿಂದ ಹೋಲಿಸಲು ಏನೂ ಉಳಿಯುವುದಿಲ್ಲ. ಸಾಮಾನ್ಯ ಬುದ್ಧಿಗೆ ಗಟ್ಟಿ ನೆಲವೇ ಸುರಕ್ಷಿತ ಅನ್ನಿಸುತ್ತದೆ. ಅವಳು ತಿರುಗಾಮುರುಗಾ ಯೋಚಿಸಿ ದಿಬ್ಬಗಳ ಮೇಲೆಯೇ ನಡೆಯಬೇಕು. ಜೀಪಾದರೆ ಟೈರಿನ ಗಾಳಿಯನ್ನು ಸುಮಾರು 32 ಪಿಎಸ್‌ಐನಿಂದ 15-18ಕ್ಕೆ ಇಳಿಸದೆ ಮರಳಿಗಿಳಿದರೆ ಹೂತುಕೊಳ್ಳುತ್ತದೆ. ಗಟ್ಟಿ ರಸ್ತೆಗೆ ಬಂದೊಡನೆ ಮತ್ತೆ ತುಂಬದಿದ್ದರೆ ಟೈರು ಕಾದು ಸಿಡಿಯುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು. ಬಿಸಿಗಾಳಿ ತೆಳುವಾದ್ದರಿಂದ ಡ್ರೋನ್‌ಗಳು 45 ಡಿಗ್ರಿಯಲ್ಲಿ, 15 ಡಿಗ್ರಿಗೆ ಹೋಲಿಸಿದರೆ, ಶೇ. 9ರಷ್ಟು ಕಡಿಮೆ ಸಾಂದ್ರತೆಯ ಗಾಳಿಯಲ್ಲಿ ಹಾರಬೇಕು. ಹೊರುವ ಭಾರ, ಹಾರುವ ಹೊತ್ತು ಎರಡೂ ಇಳಿಯುತ್ತವೆ.

ದೇಹದ ಲೆಕ್ಕ ತಪ್ಪಿದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಅಂಥ ಬಿಸಿಲಲ್ಲಿ ನಡೆದರೆ ಗಂಟೆಗೆ ಒಂದು ಲೀಟರ್ ಬೆವರು ಸಹಜ. ಬಾಟಲಿಯಲ್ಲಿ ನೀರು ಉಳಿಸಿ ಗುಟುಕು ಗುಟುಕು ಕುಡಿಯುವುದು ಸಿನಿಮಾದ ರೂಢಿ, ಉಳಿಸಬೇಕಾದದ್ದು ಬೆವರನ್ನು. ಹಗಲು ನೆರಳಲ್ಲಿ ಮಲಗಿ ರಾತ್ರಿ ನಡೆಯಬೇಕು, ಬಾಯಾರಿದಾಗ ಕುಡಿಯಬೇಕು. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ತಲೆ ಮಂಕಾಗುತ್ತದೆ, ಆದ್ದರಿಂದ ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಿಡ ಕತ್ತರಿಸಿ ರಸ ಕುಡಿಯುವ ದೃಶ್ಯ ಬೇಡವೇ ಬೇಡ: ಥಾರ್‌ನ ಥೋರ್ ಗಿಡದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ.

ದಾರಿ ತಿಳಿಸುವ ಜಿಪಿಎಸ್‌ನಂಥ ಸಂಕೇತಗಳನ್ನು ಎದುರಾಳಿ ಕೆಡಿಸಿದ್ದರೆ ಆಕಾಶ ಇದ್ದೇ ಇದೆ. ಧ್ರುವ ನಕ್ಷತ್ರದ ಎತ್ತರ ನಿಂತ ಜಾಗದ ಅಕ್ಷಾಂಶಕ್ಕೆ ಸಮ: ಬೆಂಗಳೂರಿನಲ್ಲಿ 13 ಡಿಗ್ರಿ, ಜೈಸಲ್ಮೇರಿನಲ್ಲಿ 27. ಚಾಚಿದ ತೋಳಿನ ಮುಷ್ಟಿ ಸುಮಾರು 10 ಡಿಗ್ರಿ. 2100ರ ಸುಮಾರಿಗೆ ಆ ನಕ್ಷತ್ರ ಧ್ರುವಕ್ಕೆ ಅತಿ ಹತ್ತಿರ, ಅರ್ಧ ಡಿಗ್ರಿಗಿಂತ ಒಳಗೆ ಬರುತ್ತದೆ. ನಿಮ್ಮ ನಾಯಕಿಗೆ ಅದು ಇಂದಿಗಿಂತ ನಿಖರ. ಶಾಸನದ ಕಾಲದಲ್ಲಿ ಅದು ಧ್ರುವದಿಂದ ಹಲವು ಡಿಗ್ರಿ ದೂರವಿತ್ತು. ಅದನ್ನೇ ಉತ್ತರವೆಂದು ನಂಬಿ ಎಲ್ಲೆ ಬರೆದಿದ್ದು, ದಿಕ್ಕು ಎಂಟು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ 140 ಮೀಟರ್ ಆಚೆ ಅಗೆದಂತೆ, ಬೇರಿಯ ಸಾಲು ತಪ್ಪಲು ಅಷ್ಟು ಸಾಕು. ಆಗಿನವರು ಶಂಕುವಿನಿಂದ ದಿಕ್ಕು ನೋಡಿದ್ದರೆ ಚಿಂತೆಯಿಲ್ಲ: ನೆಟ್ಟ ಕೋಲಿನ ಸುತ್ತ ವೃತ್ತ ಬರೆದು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ನೆರಳಿನ ತುದಿ ವೃತ್ತ ಮುಟ್ಟಿದ ಎರಡು ಬಿಂದು ಸೇರಿಸಿದರೆ ಪೂರ್ವ ಪಶ್ಚಿಮ. ಯಾವ ವಿಧಾನ ಎಂಬುದನ್ನು ಊರಿನ ಗೋಡೆಗಳ ದಿಕ್ಕು ನೋಡಿ ಅವಳು ಊಹಿಸಲಿ. ಅಳತೆಯ ಮಾತು ಬೇರೆ. ನಿವರ್ತನ, ಪಾದಾವರ್ತದಂಥ ಭೂಮಾನಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದವು, ಇಸವಿಯೂ ಯಾವ ಶಕದ್ದೆಂದು ತಿಳಿಯದಿದ್ದರೆ ಶತಮಾನವೇ ತಪ್ಪುತ್ತದೆ. ವಲಭಿಯವರ ಲೆಕ್ಕ ಕ್ರಿ.ಶ. 319ರಿಂದ.

ತಾಮ್ರಪಟ ಸಿಕ್ಕಿದ ಮೇಲೆ ಅದು ಅಸಲಿಯೇ ಎಂಬ ಪ್ರಶ್ನೆಯನ್ನು ಬಿಡಬೇಡಿ, ಕಾದಂಬರಿಯ ಜೀವ ಅಲ್ಲಿರಬಹುದು. ಹಳೆಯ ಕಾಲದಲ್ಲೇ ಖೊಟ್ಟಿ ತಾಮ್ರಶಾಸನಗಳು ಹುಟ್ಟಿವೆ. ಎದುರಾಳಿ ದಾರಿ ತಪ್ಪಿಸಲು ಒಂದನ್ನು ಹೂತಿಟ್ಟಿರಬಹುದು. ಪರೀಕ್ಷೆ ಮರಳಿನಲ್ಲೇ ಇದೆ. ಕ್ವಾರ್ಟ್ಸ್ ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲವಾಯಿತೆಂದು ಪ್ರಕಾಶದೀಪ್ತಿ ಕಾಲಮಾಪನ ಹೇಳುತ್ತದೆ. ಪಟದ ಮೇಲಿದ್ದ ಪದರಕ್ಕೆ ಉಕ್ಕಿನ ಕೊಳವೆಯೊಂದನ್ನು ಅಡ್ಡಲಾಗಿ ಬಡಿದು, ತುದಿಗಳನ್ನು ಕಪ್ಪು ಹಾಳೆಯಿಂದ ಮುಚ್ಚಿ, ಮಂದ ಕೆಂಪು ಬೆಳಕಿನ ಪ್ರಯೋಗಾಲಯದಲ್ಲೇ ತೆರೆಯಬೇಕು. ಯಾರಾದರೂ ಬಿಸಿಲಿಗೆ ತೆರೆದರೆ ಗಡಿಯಾರ ಸೊನ್ನೆಗೆ ಬರುತ್ತದೆ, ಸಾಕ್ಷಿ ಹೋಯಿತು. ಹಗಲು ಹೊತ್ತು ಹೂತಿಟ್ಟ ಖೊಟ್ಟಿ ಪಟದ ಮೇಲಿನ ಮರಳು ನಿನ್ನೆ ಮೊನ್ನೆಯದೆಂದು ತೋರುತ್ತದೆ. ಎದುರಾಳಿ ಜಾಣನಾಗಿದ್ದು ಅಮಾವಾಸ್ಯೆಯ ರಾತ್ರಿ ಹೂತಿದ್ದರೆ ಕಣಗಳು ಹಳೆಯವೆಂದೇ ಹೇಳುತ್ತವೆ. ಆದರೆ ಬೇರೆ ಬೇರೆ ಪದರದ ಕಣಗಳು ಬೆರೆತಿರುವುದರಿಂದ ಒಂದೊಂದೇ ಕಣ ಅಳೆದರೆ ವಯಸ್ಸುಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ನಾನಾದರೆ ಕಥೆಯ ತಿರುವನ್ನು ಇಲ್ಲೇ ಇಡುತ್ತಿದ್ದೆ.

ಆಮೇಲೆ ಬೆಂಗಳೂರು. ಉಪ್ಪುಮಣ್ಣಿನಲ್ಲಿದ್ದ ತಾಮ್ರದೊಳಗೆ ಕ್ಲೋರೈಡ್ ಅವಿತಿರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ. 42-45 ದಾಟಿದರೆ ಅದು ಎದ್ದು ತಿಳಿಹಸಿರು ಪುಡಿಯಾಗಿ ಲೋಹವನ್ನು ತಿನ್ನತೊಡಗುತ್ತದೆ. ಸಂರಕ್ಷಕರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ಜುಲೈನ ಬೆಂಗಳೂರಿನ ತೇವ ಅದಕ್ಕಿಂತ ಬಹಳ ಹೆಚ್ಚು. ಮರುಭೂಮಿ ಶತಮಾನಗಳ ಕಾಲ ಕಾಪಾಡಿದ ಅಕ್ಷರಗಳು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಕೆಲವೇ ದಿನಗಳಲ್ಲಿ ಉದುರಲು ಶುರುವಾಗಬಹುದು. ಗಾಳಿಯಾಡದ ಡಬ್ಬಿ, ಪಟದ ತೂಕದಷ್ಟಾದರೂ ಒಣಗಿಸಿದ ಸಿಲಿಕಾ ಜೆಲ್, ಒಳಗೊಂದು ತೇವಸೂಚಕ ಚೀಟಿ, ಇಷ್ಟು ಅವಳ ಚೀಲದಲ್ಲಿರಲಿ. ನೀರಿನಲ್ಲಿ ತೊಳೆಯಬಾರದು, ಹುಣಸೆಹಣ್ಣಿನಿಂದ ಉಜ್ಜಿ ಬೆಳಗಲಂತೂ ಕೂಡದು. ಓದಿಸಲು ದೂರ ಹೋಗಬೇಕಿಲ್ಲ: ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ.

ಮೈಸೂರಿಗೆ ಹೋದಾಗ ಕಥೆಗೆ ಇನ್ನೊಂದು ಎಳೆ ಸಿಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ, 1909ರಲ್ಲಿ ಅಚ್ಚಾಯಿತು. ಅದರಲ್ಲಿ ನೆಲೆನಿಂತ ಗೂಢಚರರು, ಸಂಚಾರಿ ಗೂಢಚರರು ಬೇರೆ ಬೇರೆ. ಸುದ್ದಿ ಸಾಗಿಸುವುದು ಸಂಜ್ಞಾಲಿಪಿಯಲ್ಲಿ. ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದೇ ಆದರೆ ಮಾತ್ರ ನಂಬಬೇಕು. ನಿಮ್ಮ ನಾಯಕಿಯ ಮುಂದೆಯೂ ಮೂರು ಮಾತುಗಳಿವೆ: ರೇಡಾರಿನದು, ಮರಳಿನ ಕಣಗಳದು, ತಾಮ್ರಪಟದ್ದು. ಮೂರನ್ನೂ ಬೇರೆ ಬೇರೆ ಜನರಿಂದ ಓದಿಸಿ, ಒಂದನ್ನು ಕೊನೆಯವರೆಗೂ ಹೊಂದದಂತೆ ಇಡಿ.

ಕಾನೂನನ್ನೂ ಮರೆಯಬೇಡಿ. 1878ರ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಮಣ್ಣಿನಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಪ್ರಾಚೀನ ವಸ್ತುಗಳನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಈ ಕಾಯ್ದೆಗಳು 2085ರಲ್ಲೂ ಉಳಿದಿವೆ ಎಂದು ಇಟ್ಟುಕೊಂಡರೆ, ಪಟವನ್ನು ಹೇಳದೆ ಬೆಂಗಳೂರಿಗೆ ತಂದ ಕ್ಷಣದಿಂದ ಅವಳೇ ತಪ್ಪಿತಸ್ಥೆ. ಅವಳನ್ನು ಕಳಿಸಿದ ಇಲಾಖೆ ಆಗ ಅವಳ ಬೆನ್ನಿಗೆ ನಿಲ್ಲುತ್ತದೆಯೇ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಿಕೊಳ್ಳಿ, ಏಕೆಂದರೆ ಅವಳು ಮೈಸೂರಿಗೆ ರಾಜಾರೋಷವಾಗಿ ಹೋಗುತ್ತಾಳೋ ಕದ್ದು ಹೋಗುತ್ತಾಳೋ ಎಂಬುದು ಅದರ ಮೇಲೆ ನಿಂತಿದೆ.